ಇಟ್ಕೊಳ್ಳೋದಾ, ಬಿಡೋದಾ

2016ರ ಅಕ್ಟೋಬರ್ 19ರ ರಾತ್ರಿ ಲಂಡನ್ನಿನಲ್ಲಿ ಆರ್ಸೆನಲ್ ತಂಡ ಬಲ್ಗೇರಿಯಾದ ಲುಡೊಗೊರೆಟ್ಸ್ ಎದುರು ಆಡಿತು. ನಮ್ಮ ಗಡಿಯಾರದಲ್ಲಿ ಅದಾಗಲೇ 20ನೇ ತಾರೀಕು. ಆಟ ಶುರುವಾಗುವಾಗ ಹನ್ನೆರಡೂಕಾಲು. ವಿಜಯನಗರದ ನನ್ನ ಬಾಡಿಗೆ ಮನೆಯಲ್ಲಿ, ಕೆಳಗಿನ ಮನೆಯವರು ಏಳದಿರಲೆಂದು ಟಿವಿಯ ಸದ್ದು ಅಡಗಿಸಿ, ನಾವು ಮೂವರು ಕೂತಿದ್ದೆವು. ಗೋಲುಗಳು ಒಂದರ ಹಿಂದೊಂದು ಬಿದ್ದವು, ಕೊನೆಗೆ ಆರು. ಎರಡನೆಯ ಅರ್ಧದಲ್ಲಿ, ಗೆಲುವು ಗಟ್ಟಿಯಾದ ಮೇಲೆ, ಸಾಂಟಿ ಕಜೋರ್ಲಾ ಎಂಬ ಗಿಡ್ಡ ಸ್ಪೇನಿಗನನ್ನು ಹೊರಗೆ ಕರೆದುಕೊಂಡರು. ಗೆದ್ದ ಆಟದಲ್ಲಿ ಮುಖ್ಯ ಆಟಗಾರನಿಗೆ ವಿಶ್ರಾಂತಿ ಕೊಡುವುದು ಮಾಮೂಲು. ಅವನು ಹೊರಬಂದದ್ದನ್ನು ನೋಡಿಯೂ ನೋಡದವನಂತೆ ನಾನು ಚಹಾಕ್ಕೆ ನೀರಿಡಲು ಎದ್ದು ಹೋದೆ.

ಆ ಚಹಾ ಕುದಿಯುವಷ್ಟರಲ್ಲಿ ಆರ್ಸೆನಲ್ ಅಂಗಿಯೊಂದಿಗೆ ಅವನ ಋಣ ತೀರಿತ್ತು. ನಮಗಿರಲಿ, ಅವನಿಗೂ ಅದು ಗೊತ್ತಿರಲಿಲ್ಲ.

ಐದಡಿ ಆರಂಗುಲದ ಆಳು. ಬಲಗಾಲಿನವನೋ ಎಡಗಾಲಿನವನೋ ಎಂದು ಎದುರಾಳಿಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ; ಈ ಮೂಲೆಯ ಕಾರ್ನರ್ ಕಿಕ್ಕನ್ನು ಒಂದು ಕಾಲಲ್ಲಿ, ಆ ಮೂಲೆಯದನ್ನು ಇನ್ನೊಂದು ಕಾಲಲ್ಲಿ ಹೊಡೆಯುತ್ತಿದ್ದ. 2014ರ ಎಫ್‌ಎ ಕಪ್ ಫೈನಲ್ಲಿನಲ್ಲಿ ಹಲ್ ಸಿಟಿ ಎಂಟು ನಿಮಿಷದೊಳಗೆ ಎರಡು ಗೋಲು ಹೊಡೆದು ನಮ್ಮನ್ನು ಬಾಯಿ ಬಿಡದಂತೆ ಮಾಡಿದ್ದಾಗ, 17ನೇ ನಿಮಿಷದಲ್ಲಿ ದೂರದಿಂದ ಫ್ರೀ ಕಿಕ್ ಬಾರಿಸಿ ಜೀವ ತುಂಬಿದವನು ಅವನು. ಒಂಬತ್ತು ವರ್ಷ ಕಪ್ಪಿಲ್ಲದೆ ಕೂತಿದ್ದ ಕ್ಲಬ್ಬು ಅವತ್ತು 3–2ರಲ್ಲಿ ಗೆದ್ದಿತು. ನಮ್ಮ ಮೂವರಲ್ಲಿ ಒಬ್ಬರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರು ಕಜೋರ್ಲಾನ ಕಾಲು ನೋಡುತ್ತಲೇ ಇರಲಿಲ್ಲ. “ಕತ್ತು ನೋಡ್ರೋ. ಚೆಂಡು ಬರೋದಕ್ಕೆ ಮುಂಚೆ ಎರಡು ಸಲ ಹಿಂದೆ ನೋಡಿರ್ತಾನೆ. ನನ್ನ ಹುಡುಗರಿಗೆ ಇದನ್ನೇ ಬಡ್ಕೋತೀನಿ,” ಎನ್ನುತ್ತಿದ್ದರು. ಮೂರನೆಯವನು ಬ್ಯಾಂಕಿನವನು. ಅವನ ಮಾತು ಮುಂದೆ ಬರುತ್ತದೆ.

ಕಾಲು ಕೆಟ್ಟಿದ್ದು ಆ ಅಕ್ಟೋಬರಿನಲ್ಲಲ್ಲ. 2013ರ ಸೆಪ್ಟೆಂಬರಿನಲ್ಲಿ ಸ್ಪೇನ್ ತಂಡ ಚಿಲಿಯ ವಿರುದ್ಧ ಜಿನೀವಾದಲ್ಲಿ ಆಡಿದ ಸೌಹಾರ್ದ ಪಂದ್ಯವೊಂದರಲ್ಲಿ ಪಾದದ ಗಂಟಿಗೆ ಪೆಟ್ಟು ಬಿದ್ದಿತ್ತು. ಗೆದ್ದರೂ ಸೋತರೂ ಯಾರಿಗೂ ಏನೂ ಆಗದ ಪಂದ್ಯ. ಆ ನೋವಿನ ಮೇಲೆಯೇ ಅವನು ವರ್ಷಗಟ್ಟಲೆ ಆಡಿದ. ಮೈ ಬಿಸಿಯಿರುವವರೆಗೆ ತಡೆದುಕೊಳ್ಳಬಹುದಿತ್ತು, ವಿರಾಮದಲ್ಲಿ ಕಾಲು ತಣ್ಣಗಾದರೆ ಅಳು ಬರುತ್ತಿತ್ತು ಎಂದು ಆಮೇಲೆ ಅವನೇ ಹೇಳಿಕೊಂಡ. ಆ ಹದಿನೈದು ನಿಮಿಷದ ವಿರಾಮದಲ್ಲಿ ನಾವು ಜಾಹೀರಾತು ನೋಡುತ್ತಿದ್ದೆವು.

ಅಕ್ಟೋಬರ್ ಕಳೆದು ನವೆಂಬರ್ ಬಂತು. ಇನ್ನೆರಡು ವಾರ, ಇನ್ನೊಂದು ತಿಂಗಳು ಎಂಬ ಸುದ್ದಿಗಳು ಬರುತ್ತ ಹೋದವು. ಡಿಸೆಂಬರಿನಲ್ಲಿ ಅವನಿಗೆ 32 ತುಂಬಿತು. ಕರಾರು ಮುಗಿಯುವುದು 2017ರ ಬೇಸಿಗೆಗೆ. ಕ್ಲಬ್ಬಿಗೆ ಮನಸ್ಸಿದ್ದರೆ ಒಂದು ವರ್ಷ ಮುಂದಕ್ಕೆ ಹಾಕಬಹುದು ಎಂಬ ಷರತ್ತು ಅದರೊಳಗೇ ಇತ್ತು. ನಮ್ಮ ಮನೆಯ ಹಾಲಿನಲ್ಲಿ ವಾದ ಶುರುವಾದದ್ದು ಆಗ: ಇಟ್ಕೊಳ್ಳೋದಾ, ಬಿಡೋದಾ?

ಈ ಎರಡು ಕ್ರಿಯಾಪದಗಳನ್ನು ನಾನು ಇವತ್ತಿಗೂ ನಾಲಿಗೆಯ ಮೇಲೆ ಹೊರಳಿಸುತ್ತೇನೆ. ಇಟ್ಟುಕೊಳ್ಳುವುದು, ಬಿಡುವುದು. ಉಳುವ ಎತ್ತಿನ ಬಗ್ಗೆ ಹೀಗೆ ಮಾತಾಡುತ್ತೇವೆ, ಮನೆಗೆಲಸದವರ ಬಗ್ಗೆ ಮಾತಾಡುತ್ತೇವೆ, ಬಾಡಿಗೆಗಿರುವವರ ಬಗ್ಗೆ, ಅಂಗಡಿಯ ಹುಡುಗನ ಬಗ್ಗೆ. ಯಾರ ಬಗ್ಗೆ ಆಡಿದರೂ ಆ ಕ್ಷಣಕ್ಕೆ ಆಡುವವನು ಯಜಮಾನನಾಗಿಬಿಡುತ್ತಾನೆ. ಏಳೆಂಟು ಸಾವಿರ ಕಿಲೋಮೀಟರ್ ಆಚೆಯ ಕ್ಲಬ್ಬಿನಲ್ಲಿ ನಮ್ಮದು ಒಂದು ಪೈಸೆಯೂ ಇರಲಿಲ್ಲ. ಕೇಬಲ್ಲಿನವನಿಗೆ ಕೊಟ್ಟ ದುಡ್ಡನ್ನು ಲೆಕ್ಕಕ್ಕೆ ತಗೊಂಡರೆ ಕಜೋರ್ಲಾನ ಷೂ ದಾರವೂ ಬರಲಿಕ್ಕಿಲ್ಲ. ಆದರೂ “ನಾವು ಇವನನ್ನ ಇನ್ನೊಂದು ವರ್ಷ ಯಾಕೆ ಸಾಕಬೇಕು?” ಎಂದು ಬ್ಯಾಂಕಿನ ಗೆಳೆಯ ಕೇಳಿದಾಗ ಆ “ನಾವು”, ಆ “ಸಾಕುವುದು” ಯಾರಿಗೂ ವಿಚಿತ್ರವೆನಿಸಲಿಲ್ಲ.

ಅವನ ವಾದವನ್ನು ನಾನು ಹಗುರ ಮಾಡಿ ಹೇಳಬಾರದು. ಅವನು ಕಲ್ಲು ಮನಸ್ಸಿನವನಲ್ಲ. ಡಿಯಾಬಿಯನ್ನು ಕಂಡು ಕಲಿತವನು.

ಅಬು ಡಿಯಾಬಿಯ ಕತೆ ಗೊತ್ತಿಲ್ಲದೆ ಆರ್ಸೆನಲ್ ಅಭಿಮಾನಿಗಳ ಯಾವ ಗಾಯದ ವಾದವೂ ಅರ್ಥವಾಗುವುದಿಲ್ಲ. 2006ರ ಜನವರಿಯಲ್ಲಿ ಫ್ರಾನ್ಸಿನ ಓಸೆರ್ ಕ್ಲಬ್ಬಿನಿಂದ ಬಂದ, ಆಗ ಅವನಿಗೆ ಹತ್ತೊಂಬತ್ತು. ಉದ್ದನೆಯ ಕಾಲು, ಚೆಂಡನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುವಂತಹ ನಡೆ. ಮೇ 1ರಂದು ಸಂಡರ್‌ಲ್ಯಾಂಡಿನಲ್ಲಿ ಪಂದ್ಯ. ಸಂಡರ್‌ಲ್ಯಾಂಡ್ ಕೆಳಗಿನ ದರ್ಜೆಗೆ ಇಳಿಯುವುದು ಆಗಲೇ ತೀರ್ಮಾನವಾಗಿತ್ತು; ಆರ್ಸೆನಲ್ 3–0 ಮುಂದಿತ್ತು; ಆಟದ ಅವಧಿ ಮುಗಿದು ಹೆಚ್ಚುವರಿ ನಿಮಿಷಗಳು ನಡೆಯುತ್ತಿದ್ದವು. ಎದುರಿನ ಒಬ್ಬ ಎಳೆಯ ಡಿಫೆಂಡರ್ ಅಡ್ಡ ಬಿದ್ದ. ಡಿಯಾಬಿಯ ಪಾದದ ಗಂಟು ಮುರಿದು ಕೀಲು ತಪ್ಪಿತು. ಹದಿನಾರು ದಿನ ಕಳೆದರೆ ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಅವನು ಬೆಳೆದ ಓಬೆರ್ವಿಲಿಯೇ ಆ ಊರಿಗೆ ಅಂಟಿಕೊಂಡೇ ಇದೆ. ಮನೆಯ ಹಿತ್ತಲಲ್ಲಿ ಜಾತ್ರೆ, ಇವನು ಆಡುವಂತಿಲ್ಲ.

ಅಲ್ಲಿಂದಾಚೆ ಒಂಬತ್ತು ವರ್ಷ ಅವನು ಕ್ಲಬ್ಬಿನಲ್ಲಿದ್ದ. ಪಾದ ಉಳಿಸಲು ಹೋಗಿ ಮೀನಖಂಡ, ಮೀನಖಂಡ ಉಳಿಸಲು ಹೋಗಿ ತೊಡೆ, ಕೊನೆಗೆ ಮಂಡಿ. ಪತ್ರಿಕೆಗಳು ಎಣಿಸಿದ ಲೆಕ್ಕದಲ್ಲಿ ಅವನ ಗಾಯಗಳು 42. ನಡುನಡುವೆ ಒಂದು ತಿಂಗಳು, ಆರು ವಾರ, ಇದ್ದಕ್ಕಿದ್ದಂತೆ ಬಂದು ಎಲ್ಲರ ಕಣ್ಣು ಅರಳಿಸಿ ಮತ್ತೆ ಒಳಗೆ ಹೋಗುತ್ತಿದ್ದ. ಬ್ಯಾಂಕಿನ ಗೆಳೆಯನಿಗೆ ಅವನ ಮೇಲೆ ಬೇರೆಯೇ ಒಂದು ಸಿಟ್ಟಿತ್ತು. 2011ರ ಫೆಬ್ರವರಿಯಲ್ಲಿ ನ್ಯೂಕ್ಯಾಸಲ್‌ನಲ್ಲಿ ಆರ್ಸೆನಲ್ 4–0 ಮುಂದಿದ್ದಾಗ, ತನ್ನ ಕಾಲಿಗೆ ಅಡ್ಡ ಬಿದ್ದ ಜೋಯಿ ಬಾರ್ಟನ್‌ನ ಕುತ್ತಿಗೆ ಹಿಡಿದು ತಳ್ಳಿ ಕೆಂಪು ಕಾರ್ಡ್ ತಿಂದ ಡಿಯಾಬಿ. ಹತ್ತೇ ಜನ ಉಳಿದರು, ಪಂದ್ಯ 4–4. “ನಾಲ್ಕು ಗೋಲು ಸ್ವಾಮಿ, ನಾಲ್ಕು ಗೋಲು!” ಎಂದು ಗೆಳೆಯ ಇವತ್ತಿಗೂ ಬೆರಳು ತೋರಿಸುತ್ತಾನೆ. ಒಂದು ಸಲ ಕಾಲು ಮುರಿಸಿಕೊಂಡವನಿಗೆ ಇನ್ನೊಬ್ಬ ಹಾಗೆಯೇ ಅಡ್ಡ ಬಿದ್ದರೆ ಕೈ ಕುತ್ತಿಗೆಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ ಎಂಬುದು ಮೇಷ್ಟ್ರ ಉತ್ತರ.

2015ರ ಬೇಸಿಗೆಯಲ್ಲಿ ಡಿಯಾಬಿಯ ಕರಾರು ಮುಗಿಯಿತು, ಕ್ಲಬ್ಬು ಅವನನ್ನು ಬಿಟ್ಟಿತು. ಅದಕ್ಕೆ ಮುಂಚಿನ ಎರಡು ವರ್ಷ ನಮ್ಮಲ್ಲಿ ಇದೇ ಚರ್ಚೆ. ಬಿಡಬೇಕೆಂದು ಕೈಯೆತ್ತಿದವರಲ್ಲಿ ನಾನೂ ಒಬ್ಬ.

ಹೀಗಾಗಿ ಕಜೋರ್ಲಾನ ಸರದಿ ಬಂದಾಗ ಗೆಳೆಯನ ಬಾಯಲ್ಲಿ ವಾದ ತಯಾರಾಗಿತ್ತು. ಇಂಗ್ಲಿಷ್ ಲೀಗಿನಲ್ಲಿ ಒಂದು ತಂಡ ಹೆಸರು ಬರೆಸಬಹುದಾದ್ದು 25 ಜನರನ್ನು, ಅದರಲ್ಲೂ ಹೊರಗಿನಿಂದ ಬಂದವರು 17ಕ್ಕಿಂತ ಹೆಚ್ಚಿರುವಂತಿಲ್ಲ. ಮಂಚದ ಮೇಲಿರುವವನಿಗೆ ಕೊಡುವ ಸಂಬಳದಲ್ಲಿ ನೆಲದ ಮೇಲಿರುವ ಒಬ್ಬ ಹುಡುಗ ಬರುತ್ತಾನೆ. ಪ್ರೀತಿ ಬೇರೆ, ಬಜೆಟ್ಟು ಬೇರೆ. ಬೇಕಾದರೆ ಆಡಿದಷ್ಟಕ್ಕೆ ದುಡ್ಡು ಎಂಬ ಕರಾರು ಕೊಡಲಿ, ಪಂದ್ಯಕ್ಕಿಷ್ಟು ಅಂತ. ಮೇಷ್ಟ್ರು ತಲೆಯಾಡಿಸಲಿಲ್ಲ. “ಅವನು ಮಾರ್ಚಿಗೆ ಬರ್ತಾನೆ. ಬಂದ್ರೆ ಅವನಷ್ಟು ಆಡೋನು ಯಾರಿದಾನೆ?” ನಾನು ಈ ಸಲ ಮೇಷ್ಟ್ರ ಕಡೆ. ಡಿಯಾಬಿಯ ವಿಷಯದಲ್ಲಿ ಆಡಿದ ಮಾತು ಒಳಗೆಲ್ಲೋ ಚುಚ್ಚುತ್ತಿತ್ತೋ, ಅಥವಾ ಕಜೋರ್ಲಾ ಸದಾ ನಗುವವನು, ನಗುವವರನ್ನು ಬಿಡುವುದು ಕಷ್ಟವೋ, ಹೇಳಲಾರೆ. “ಆರು ತಿಂಗಳು ಕಾದರೆ ನಮಗೇ ಲಾಭ,” ಎಂದೆ.

ಕ್ಲಬ್ಬು ನಮ್ಮನ್ನು ಕೇಳದೆ ಕರಾರನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಮೇಷ್ಟ್ರು ಜಯಭೇರಿ ಹೊಡೆದರು. ಮಾರ್ಚ್ ಬಂತು, ಹೋಯಿತು, ಅವನು ಬರಲಿಲ್ಲ.

ಎಲ್ಲಿದ್ದಾನೆ, ಏನಾಗಿದೆ ಎಂದು ಲೋಕಕ್ಕೆ ತಿಳಿದದ್ದು 2017ರ ನವೆಂಬರಿನಲ್ಲಿ, ಸ್ಪೇನಿನ ಮಾರ್ಕಾ ಪತ್ರಿಕೆಯಲ್ಲಿ ಅವನ ಕಾಲಿನ ಫೋಟೋ ಬಂದಾಗ. ಆ ಫೋಟೋವನ್ನು ನಾನು ಆಫೀಸಿನ ಊಟದ ಹೊತ್ತಿನಲ್ಲಿ ನೋಡಿದೆ, ಡಬ್ಬಿ ಮುಚ್ಚಿಟ್ಟೆ. ಹಿಮ್ಮಡಿಯ ಮೇಲೆ, ಕಾಲಿನ ಹಿಂಭಾಗದಲ್ಲಿ, ಬೇರೆಯದೇ ಬಣ್ಣದ ಒಂದು ತುಂಡು ಚರ್ಮ, ಹಳೆಯ ಅಂಗಿಗೆ ಹೊಸ ಬಟ್ಟೆಯ ತೇಪೆ ಹಾಕಿದ ಹಾಗೆ. ಆ ತೇಪೆಯ ಮೇಲೆ ಹಚ್ಚೆಯ ಅಕ್ಷರಗಳು. ಅವನ ಮುಂಗೈಯ ಮೇಲೆ ಮಗಳ ಹೆಸರಿತ್ತು. ಆ ತೋಳಿನ ಚರ್ಮವನ್ನು ಕೊಯ್ದು ಪಾದದ ಗಂಟಿಗೆ ಹೊಲಿದಿದ್ದರು. ಹೆಸರು ಎರಡು ತುಂಡಾಗಿ, ಒಂದು ಪಾಲು ಕೈಯಲ್ಲಿ ಉಳಿದು, ಇನ್ನೊಂದು ಪಾಲು ಕಾಲಿಗೆ ಇಳಿದಿತ್ತು.

ಆ ಹೊತ್ತಿಗೆ ಎಂಟು ಶಸ್ತ್ರಚಿಕಿತ್ಸೆಗಳಾಗಿದ್ದವು. ಹೊಲಿದ ಗಾಯ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಒಳಗೆ ಸೇರಿದ ಸೋಂಕು ಹಿಮ್ಮಡಿಯ ಮೂಳೆಯನ್ನು ಕೆಡಿಸಿ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜುವನ್ನು ಎಂಟು ಸೆಂಟಿಮೀಟರಿನಷ್ಟು ತಿಂದುಹಾಕಿತ್ತು. ನಿಮ್ಮ ಹಿಮ್ಮಡಿಯ ಮೇಲಿನ ಆ ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಎಂಟು ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ ಕೈಗೆ ಸಿಗುವುದಷ್ಟೂ. ಕಾಲನ್ನೇ ತೆಗೆಯಬೇಕಾಗಬಹುದೆಂಬ ಮಾತೂ ಬಂದಿತ್ತು. ಮಗನ ಜೊತೆ ತೋಟದಲ್ಲಿ ನಡೆದಾಡುವಷ್ಟಾದರೆ ತೃಪ್ತಿಪಟ್ಟುಕೋ ಎಂದು ಮೊದಲಿನ ವೈದ್ಯರೊಬ್ಬರು ಹೇಳಿದ್ದರಂತೆ. ತಾನು ಕಂಡ ಗಾಯಗಳಲ್ಲೇ ಅತ್ಯಂತ ಕೆಟ್ಟದ್ದು ಇದು ಎಂದು ಕೋಚ್ ಆರ್ಸೆನ್ ವೆಂಗರ್ ಹೇಳಿದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಕೆಲಸದಲ್ಲಿದ್ದವರು ಆಡಿದ ಮಾತು.

ಅಂದರೆ ನಾವು ವಿಜಯನಗರದಲ್ಲಿ ಕೂತು ಮಾರ್ಚಿಗೆ ಬರ್ತಾನೆ, ಬರಲ್ಲ ಎಂದು ಕೂಗಾಡಿಕೊಂಡದ್ದು ಇಂಥ ಕಾಲಿನ ಬಗ್ಗೆ. ಇದರಲ್ಲಿ ನನಗೆ ನಾಚಿಕೆಯಾದದ್ದು ಬ್ಯಾಂಕಿನ ಗೆಳೆಯನ ಮಾತಿಗಲ್ಲ, ನನ್ನ ಮಾತಿಗೆ. ಅವನು ಲೆಕ್ಕವನ್ನು ಲೆಕ್ಕವೆಂದೇ ಹೇಳಿದ್ದ. ನಾನು ಲೆಕ್ಕವನ್ನೇ ದಯೆಯೆಂದು ಮಂಡಿಸಿದ್ದೆ. “ಕಾದರೆ ನಮಗೇ ಲಾಭ.” ಇಟ್ಟುಕೊಳ್ಳಬೇಕೆಂದವರು, ಬಿಡಬೇಕೆಂದವರು ಎಲ್ಲರೂ ಒಂದೇ ತಕ್ಕಡಿ ಹಿಡಿದಿದ್ದೆವು; ಜಗಳವಿದ್ದದ್ದು ಮುಳ್ಳು ಯಾವ ಕಡೆ ವಾಲುತ್ತದೆ ಎಂಬುದಕ್ಕೆ ಮಾತ್ರ. ಅವನು ಇನ್ನೆಂದೂ ಆಡದಿದ್ದರೂ ಒಂದು ವರ್ಷ ಅನ್ನ ಹಾಕಲಿ ಬಿಡಿ, ನಮ್ಮ ಆಟ ಆಡುತ್ತಲೇ ಕಾಲು ಹೋದದ್ದಲ್ಲವೇ ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ಅದು ವಾದವೆನಿಸುತ್ತಿರಲಿಲ್ಲ.

ಇದು ಫುಟ್ಬಾಲಿನ ದೋಷವೇನಲ್ಲ ಎಂಬುದಕ್ಕೆ ನನ್ನ ಕೆಲಸದ ಜಾಗದ್ದೇ ಒಂದು ಪ್ರಸಂಗ. ಹಿಂದೆ ನಾನಿದ್ದ ಒಂದು ಪತ್ರಿಕಾ ಕಚೇರಿಯಲ್ಲಿ ವರ್ಷವರ್ಷದ ಗುತ್ತಿಗೆಯ ಮೇಲೆ ಒಬ್ಬ ಪ್ರೂಫ್ ರೀಡರ್ ಇದ್ದರು. ಕರಡನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತ ಓದುವವರು. ಜಾರಿದ ಒಂದು ದೀರ್ಘ, ತಪ್ಪು ಅಕ್ಷರದ ಮೇಲೆ ಕೂತ ಒಂದು ಅರ್ಕಾವತ್ತು, ಅಲ್ಪಪ್ರಾಣವಾಗಿಬಿಟ್ಟ ಒಂದು ಮಹಾಪ್ರಾಣ ಅವರ ಪೆನ್ಸಿಲ್ಲಿಗೆ ಸಿಕ್ಕದೆ ಹೋಗುತ್ತಿರಲಿಲ್ಲ. ಅಕ್ಷಿಪಟಲ ಬಿಟ್ಟುಕೊಂಡು ಒಂದು ಕಣ್ಣಿನ ಆಪರೇಷನ್ ಆಯಿತು. ಗುತ್ತಿಗೆ ಮುಗಿಯುವ ಮಾರ್ಚಿನಲ್ಲಿ ಮೇಲಿನವರು ನನ್ನನ್ನು ಕರೆದು ಕೇಳಿದರು: “ಇವರನ್ನ ಇಟ್ಕೊಳ್ಳೋಣವಾ?” ನನ್ನ ಬಾಯಿಂದ ತಟ್ಟನೆ ಬಂದದ್ದು, “ಇನ್ನಾರು ತಿಂಗಳಲ್ಲಿ ಸರಿ ಹೋಗ್ತಾರೆ ಸಾರ್, ಇವರಷ್ಟು ಚೆನ್ನಾಗಿ ನೋಡೋರು ಸಿಗಲ್ಲ.” ಸರಿ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಕಣ್ಣಿನ ಡಾಕ್ಟರು ಏನು ಹೇಳಿದ್ದರೆಂದು ಅವರೇ ನನಗೆ ಹೇಳಿದ್ದರು. ಆದರೆ ಆ ಕೋಣೆಯಲ್ಲಿ ನಡೆಯುವ ನಾಣ್ಯ ಅದೊಂದೇ. ಬೇರೆ ನಾಣ್ಯವನ್ನು ಮೇಜಿನ ಮೇಲಿಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ. ಆರು ತಿಂಗಳು ಸಿಕ್ಕಿತು. ಐದನೆಯ ತಿಂಗಳು ಅವರೇ ಬರುವುದನ್ನು ನಿಲ್ಲಿಸಿದರು. ಅವರ ಪೆನ್ಸಿಲ್ಲು ಬಹಳ ದಿನ ಕಿಟಕಿಯ ಕಟ್ಟೆಯ ಮೇಲೇ ಇತ್ತು.

ಕರಾರಿನ ಮುಗಿತಾಯ ಎಂಬುದು ಆಟಗಾರರಿಗೆ ಶಾಪವೂ ಹೌದು, ಬಿಡುಗಡೆಯೂ ಹೌದು. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್‌ನ ಕರಾರು 1990ರಲ್ಲಿ ಮುಗಿದಾಗ ಅವನ ಲಿಯೇಜ್ ಕ್ಲಬ್ಬು ಹಳೆಯ ಸಂಬಳದ ಕಾಲು ಭಾಗಕ್ಕೆ ಹೊಸ ಕರಾರು ಮುಂದಿಟ್ಟಿತು. ಬೇಡವೆಂದು ಬೇರೆ ಕಡೆ ಹೋಗಲು ಹೊರಟರೆ ಬಿಡದೆ ವರ್ಗಾವಣೆಯ ದುಡ್ಡು ಕೇಳಿತು. ಕರಾರು ಮುಗಿದರೂ ಆಳು ನಮ್ಮವನೇ ಎಂಬುದು ಅಂದಿನ ಪದ್ಧತಿ. ಐದು ವರ್ಷ ಕೋರ್ಟು ಅಲೆದು 1995ರ ಡಿಸೆಂಬರಿನಲ್ಲಿ ಅವನು ಗೆದ್ದ. ಅಂದಿನಿಂದ ಯುರೋಪಿನ ಆಟಗಾರ ಕರಾರು ಮುಗಿದ ದಿನ ಕೈಬೀಸಿಕೊಂಡು ಹೊರಡಬಹುದು. ಬೋಸ್ಮನ್ ಮಾತ್ರ ಆ ಐದು ವರ್ಷದಲ್ಲಿ ಆಟಗಾರನಾಗಿ ಮುಗಿದುಹೋಗಿದ್ದ. ಕಾಲು ಗಟ್ಟಿಯಿರುವವನಿಗೆ ಈ ತೀರ್ಪು ಚಿನ್ನದ ಗಣಿ. ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡವನಿಗೆ ಕರಾರಿನ ಕೊನೆಯ ದಿನವೆಂದರೆ ಇವತ್ತಿಗೂ ಬಾಗಿಲು ಮುಚ್ಚುವ ದಿನ.

ಕಜೋರ್ಲಾನಿಗೆ ಆ ದಿನ ಬಂದದ್ದು 2018ರ ಬೇಸಿಗೆಯಲ್ಲಿ. ವೆಂಗರ್ ಕೂಡ ಅದೇ ಮೇ ತಿಂಗಳಲ್ಲಿ ಹೊರಟರು. 180 ಪಂದ್ಯ, 29 ಗೋಲು, ಧನ್ಯವಾದ. ಈ 180 ಎಂಬ ಅಂಕಿಯ ಮೇಲೆ ನನ್ನ ಕಣ್ಣು ನಿಂತಿತು. ಡಿಯಾಬಿ ಆರ್ಸೆನಲ್ಲಿಗೆ ಆಡಿದ್ದೂ ಸರಿಯಾಗಿ 180 ಪಂದ್ಯ. ಒಬ್ಬನಿಗೆ ಅಷ್ಟು ಆಡಲು ನಾಲ್ಕೂಚಿಲ್ಲರೆ ವರ್ಷ ಸಾಕಾಯಿತು, ಇನ್ನೊಬ್ಬನಿಗೆ ಒಂಬತ್ತು ಬೇಕಾಯಿತು.

ಮುಂದಿನದು ಎಲ್ಲರಿಗೂ ಇಷ್ಟವಾಗುವ ಕತೆ. ಕಜೋರ್ಲಾ ತನ್ನ ಹಳೆಯ ಕ್ಲಬ್ಬು ವಿಯಾರ್ರಿಯಾಲ್‌ಗೆ ಹೋಗಿ, ಮೊದಲು ಬರೀ ಅಭ್ಯಾಸಕ್ಕೆ ಸೇರಿಕೊಂಡ. ಕಾಲು ತಡೆಯುತ್ತದೆಂದು ಕಂಡ ಮೇಲೆ ಕರಾರು. ಅವನನ್ನು ಪರಿಚಯಿಸಲು ಒಬ್ಬ ಜಾದೂಗಾರನನ್ನು ಕರೆಸಿದ್ದರು. ಮೈದಾನದ ನಡುವೆ ಗಾಜಿನಂಥ ಒಂದು ಖಾಲಿ ಕೊಳವೆ, ಅದರೊಳಗೆ ಹೊಗೆ, ಹೊಗೆ ಚದುರಿದಾಗ ಒಳಗೆ ಕಜೋರ್ಲಾ. ಅದೇ ಋತುವಿನಲ್ಲಿ, 2019ರ ಜನವರಿಯಲ್ಲಿ, ರಿಯಲ್ ಮ್ಯಾಡ್ರಿಡ್ ಎದುರಿನ 2–2 ಪಂದ್ಯದಲ್ಲಿ ತಂಡದ ಎರಡೂ ಗೋಲು ಅವನವೇ. ಜೂನಿನಲ್ಲಿ ಸ್ಪೇನ್ ತಂಡಕ್ಕೂ ಮರಳಿದ. ಆಮೇಲೆ ಕತಾರಿನ ಅಲ್ ಸದ್ದ್. 2023ರ ಆಗಸ್ಟಿನಲ್ಲಿ, 38ರ ವಯಸ್ಸಿನಲ್ಲಿ, ತಾನು ಹುಡುಗನಾಗಿದ್ದಾಗ ಆಡಿ ಬೆಳೆದ ಒವಿಯೆಡೊಗೆ.

ಒವಿಯೆಡೊ ಕರಾರನ್ನು ಮಾತ್ರ ನಾನು ಬಿಡಿಸಿ ಹೇಳಬೇಕು. 2003ರಲ್ಲಿ ಆ ಕ್ಲಬ್ಬು ಸಾಲದಲ್ಲಿ ಮುಳುಗಿ ನಾಲ್ಕನೇ ದರ್ಜೆಗೆ ಬಿದ್ದ ವರ್ಷವೇ ಹದಿನೆಂಟರ ಹುಡುಗ ಊರು ಬಿಟ್ಟಿದ್ದ. 2012ರಲ್ಲಿ ಮತ್ತೆ ಮುಚ್ಚುವ ಸ್ಥಿತಿ. ಆಗ ಕ್ಲಬ್ಬು ಒಂದಕ್ಕೆ ಹತ್ತು ಯೂರೋ ಎಪ್ಪತ್ತೈದು ಸೆಂಟಿನಂತೆ ಷೇರು ಮಾರಿತು. ಜಗತ್ತಿನ ಮೂಲೆಮೂಲೆಯಿಂದ, ಆ ಊರನ್ನು ನಕ್ಷೆಯಲ್ಲೂ ನೋಡದವರು ಕೊಂಡರು. ಅಲ್ಲಿಂದ ಬೆಳೆದು ಹೋದ ಕಜೋರ್ಲಾ, ಮಿಚು, ಮಾಟಾ ಕೊಂಡರು. ಕ್ಲಬ್ಬು ಉಳಿಯಿತು. ಹನ್ನೊಂದು ವರ್ಷದ ನಂತರ ಅವನು ಅಲ್ಲಿಗೆ ಆಡಲು ಬಂದಾಗ, ಬಿಟ್ಟಿ ಆಡುತ್ತೇನೆಂದರೆ ನಿಯಮ ಒಪ್ಪುವುದಿಲ್ಲ. ಆದ್ದರಿಂದ ಲೀಗು ಒಪ್ಪುವ ಕನಿಷ್ಠ ಸಂಬಳಕ್ಕೆ ಸಹಿ ಹಾಕಿದ. ತನ್ನ ಹೆಸರಿನ ಅಂಗಿ ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲು ಮಕ್ಕಳ ತರಬೇತಿಗೆ ಹೋಗಲಿ ಎಂದ. ಕರಾರಿನೊಳಗೆ ಋಣ ಎಂಬ ಮಾತು ನುಸುಳಿದ್ದನ್ನು ನಾನು ಕಂಡದ್ದು ಇದೊಂದೇ ಕಡೆ. ಅದೂ ಆಟಗಾರನ ಕಡೆಯಿಂದ. 2025ರ ಜೂನಿನಲ್ಲಿ, ನಲವತ್ತು ತುಂಬಿದವನು, ಮಿರಾಂಡೆಸ್ ಎದುರಿನ ಕೊನೆಯ ಪಂದ್ಯದಲ್ಲಿ ಪೆನಾಲ್ಟಿ ಹೊಡೆದು ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಒವಿಯೆಡೊ ಗೆದ್ದು, 24 ವರ್ಷದ ಮೇಲೆ ಸ್ಪೇನಿನ ಮೊದಲ ದರ್ಜೆಗೆ ಮರಳಿತು. ಅವನ ಕರಾರು ಇನ್ನೊಂದು ವರ್ಷಕ್ಕೆ ನವೀಕರಣವಾಯಿತು. ಅದರ ಬಗ್ಗೆ ಯಾರೂ ವಾದ ಮಾಡಿದಂತಿಲ್ಲ.

ಮಿರಾಂಡೆಸ್ ಪಂದ್ಯದ ಮರುದಿನ ಬೆಳಗ್ಗೆಯೇ ಮೇಷ್ಟ್ರು ಫೋನು ಮಾಡಿದ್ದರು. “ನೋಡಿದ್ಯಾ? ನಾನು ಹೇಳಿರಲಿಲ್ವಾ?” ಹೇಳಿದ್ದರು, ನಿಜ. ಅವರ ಖುಷಿಗೆ ಕಲ್ಲು ಹಾಕಲು ನನಗೆ ಮನಸ್ಸಾಗಲಿಲ್ಲ. ಆದರೆ ಈ ಪವಾಡವನ್ನು ಉತ್ತರವೆಂದು ಒಪ್ಪಿಕೊಳ್ಳಲು ನನಗೆ ಅಂಜಿಕೆ. ಕಾದದ್ದು ಸಾರ್ಥಕವಾಯಿತು ಎಂದರೆ, ಸಾರ್ಥಕವಾಗದಿದ್ದರೆ ಕಾಯಬಾರದಿತ್ತು ಎಂದೂ ಆಗುತ್ತದಲ್ಲ. ಮರಳಿ ಬಂದವನ ಪಕ್ಕದಲ್ಲಿ ಮರಳದವನನ್ನು ನಿಲ್ಲಿಸಿ ನೋಡಬೇಕು. ಡಿಯಾಬಿ ಆರ್ಸೆನಲ್ ಬಿಟ್ಟ ಮೇಲೆ ಮಾರ್ಸೇಗೆ ಹೋದ, ಎರಡು ವರ್ಷದಲ್ಲಿ ಬೆರಳೆಣಿಕೆಯಷ್ಟು ಪಂದ್ಯ ಆಡಿದ, 2019ರಲ್ಲಿ ನಿವೃತ್ತಿ ಹೇಳಿದ. ಅವನಿಗಾಗಿ ಯಾವ ಜಾದೂಗಾರನೂ ಹೊಗೆ ಎಬ್ಬಿಸಲಿಲ್ಲ. ಹಟ, ಅಭ್ಯಾಸ, ನೋವು ನುಂಗುವುದು, ಇದರಲ್ಲಿ ಅವನು ಕಜೋರ್ಲಾನಿಗಿಂತ ಕಡಿಮೆ ಎಂದು ಹೇಳುವ ಧೈರ್ಯ ಯಾರಿಗಿದೆ? ಒಬ್ಬನ ಕಾಲು ಹೊಲಿಗೆ ಹಿಡಿಯಿತು, ಇನ್ನೊಬ್ಬನದು ಹಿಡಿಯಲಿಲ್ಲ.

ಎದುರಾಳಿಯ ಮನೆಯ ಮಾತನ್ನೂ ಹೇಳಿಬಿಡುತ್ತೇನೆ, ಆರ್ಸೆನಲ್ ಕಡೆಯವರು ಬೈದರೂ ಸರಿ. ಟಾಟನ್‌ಹ್ಯಾಮ್‌ನ ಲೆಡ್ಲಿ ಕಿಂಗ್‌ನ ಮಂಡಿಯಲ್ಲಿ ಮೂಳೆಗಳ ನಡುವಿನ ಮೆತ್ತೆ ಸವೆದು ಹೋಗಿತ್ತು. ವಾರವಿಡೀ ತಂಡದ ಜೊತೆ ಅಭ್ಯಾಸವಿಲ್ಲ. ಈಜುಕೊಳ, ಜಿಮ್ಮು, ಮಂಜುಗಡ್ಡೆ. ಪಂದ್ಯದ ದಿನ ಬಂದು ನಿಂತರೆ ಅವನಂಥ ಡಿಫೆಂಡರ್ ಇಲ್ಲ. ಒಂದು ಆಟ ಆಡಿ ವಾರವೆಲ್ಲ ಮಂಡಿ ಊದಿಸಿಕೊಂಡು ಕೂರುವ ಆಳನ್ನು ಆ ಕ್ಲಬ್ಬು 2012ರಲ್ಲಿ ಅವನು ತಾನಾಗಿ ನಿಲ್ಲಿಸುವವರೆಗೆ ಇಟ್ಟುಕೊಂಡಿತು. ಅದೂ ಲೆಕ್ಕವೇ ಇರಬಹುದು. ವಾರಕ್ಕೊಂದು ದಿನದ ಕಿಂಗ್, ವಾರಪೂರ್ತಿಯ ಇನ್ನೊಬ್ಬನಿಗಿಂತ ಅಗ್ಗ ಎಂದು ಯಾರೋ ಕೂಡಿ ಕಳೆದಿರಬಹುದು. ಇರಲಿ. ಆ ಲೆಕ್ಕ ಹಾಕಿದವನಿಗೆ ಗಣಿತ ಸ್ವಲ್ಪ ಕಮ್ಮಿ ಬರುತ್ತಿತ್ತು ಎಂದು ನಂಬಲು ನನಗಿಷ್ಟ.

ಕಳೆದ ವರ್ಷ ಜುಲೈನ ಒಂದು ಭಾನುವಾರ ಮೂವರೂ ಮತ್ತೆ ಸೇರಿದ್ದೆವು. ಮೇಷ್ಟ್ರಿಗೆ ಈಗ ನಿವೃತ್ತಿಯಾಗಿದೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾರೆ. ಹೊಸ ಋತು ಶುರುವಾಗಿರಲಿಲ್ಲ, ನೋಡಲು ಏನೂ ಇರಲಿಲ್ಲ. ಹಳೆಯದು ಯಾವುದಾದರೂ ಹಾಕು ಎಂದರು. 2012ರ ಸೆಪ್ಟೆಂಬರ್ 2ರ ಆನ್‌ಫೀಲ್ಡ್ ಪಂದ್ಯ ಹಾಕಿದೆ. ಲಿವರ್‌ಪೂಲ್ ಎದುರು ಆರ್ಸೆನಲ್ 2–0. ಕಜೋರ್ಲಾ ಆರ್ಸೆನಲ್ಲಿಗೆ ಹೊಡೆದ ಮೊದಲ ಗೋಲು ಅದರಲ್ಲಿದೆ. ಅವನ ಗೋಲಿಗಾಗಿಯೇ ಹಾಕಿದ್ದು. ಆ ದಿನ ಅವನ ಪಕ್ಕದಲ್ಲಿ ಆಡಿದವನು ಡಿಯಾಬಿ ಎಂಬುದನ್ನು ನಾವು ಮೂವರೂ ಮರೆತಿದ್ದೆವು.

ಆಟ ಸಾಗಿದಂತೆ ಮಾತು ನಿಂತಿತು. ಉದ್ದ ಕಾಲಿನ ಆ ಹುಡುಗ ತನ್ನ ಗೋಲಿನ ಹತ್ತಿರ ಚೆಂಡು ಕಸಿದುಕೊಳ್ಳುತ್ತಾನೆ, ಒಬ್ಬನನ್ನು ಭುಜದಿಂದ ದೂರ ಇಡುತ್ತಾನೆ, ಓಡುವುದೇ ಇಲ್ಲವೇನೋ ಎಂಬಂತೆ ಓಡಿ ಮೈದಾನದ ಆಚೆ ತುದಿ ಮುಟ್ಟುತ್ತಾನೆ. ಪಕ್ಕದಲ್ಲಿ ಗಿಡ್ಡವನು ಕತ್ತು ತಿರುಗಿಸಿ ಎರಡು ಸಲ ಹಿಂದೆ ನೋಡಿ ಕಾಯುತ್ತಿರುತ್ತಾನೆ. ಮೇಷ್ಟ್ರು ಈ ಸಲ ಕತ್ತಿನ ವಿಷಯ ಎತ್ತಲಿಲ್ಲ. ಬ್ಯಾಂಕಿನ ಗೆಳೆಯ ಕುರ್ಚಿಯ ತುದಿಗೆ ಬಂದು ಕೂತಿದ್ದ, ಕೈಯಲ್ಲಿ ಅರ್ಧ ಕಡಿದ ನಿಪ್ಪಟ್ಟು. ಡಿಯಾಬಿ ಇನ್ನೊಮ್ಮೆ ಇಬ್ಬರ ನಡುವಿನಿಂದ ಚೆಂಡು ತಗೊಂಡು ಹೊರಬಂದಾಗ ಅವನು ಟಿವಿಯಿಂದ ಕಣ್ಣು ಕೀಳದೆ ಹೇಳಿದ:

“ಇವನನ್ನ ಮಾತ್ರ ಬಿಡಬಾರದು ಕಣ್ರೋ.”